‘ಚೆಂಡು ನೋಡು’ ಎಂದರೆ ಸಾಲದು

ಮಾನ್ಯರೇ,

ಮಿನುಗುವ ದೀಪಗಳ ಬೋರ್ಡ್ ಮುಂದೆ ಮಕ್ಕಳನ್ನು ನಿಲ್ಲಿಸಿ, ಹತ್ತಿದ ದೀಪವನ್ನು ತಟ್ಟಿಸುವ ‘ಕಣ್ಣಿನ ತರಬೇತಿ’ಗೆ ಪೋಷಕರು ಹಣ ಸುರಿಯುತ್ತಿರುವುದು ಬೇಸರದ ಸಂಗತಿ. ಇದರಿಂದ ಮಕ್ಕಳು ದೀಪ ತಟ್ಟುವುದರಲ್ಲಿ ಚುರುಕಾಗುತ್ತಾರೆ, ಆಟದಲ್ಲಲ್ಲ. ನುರಿತ ಆಟಗಾರನಿಗೂ ಹೊಸಬನಿಗೂ ಇರುವ ಅಂತರ ದೃಷ್ಟಿಯ ತೀಕ್ಷ್ಣತೆಯಲ್ಲಿಲ್ಲ. ಯಾವಾಗ, ಎಲ್ಲಿ ನೋಡಬೇಕೆಂಬ ತಿಳಿವಳಿಕೆಯಲ್ಲಿದೆ.

ಗಂಟೆಗೆ 140 ಕಿ.ಮೀ. ವೇಗದ ಎಸೆತ ಬ್ಯಾಟರ್‌ನನ್ನು ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಕಂಡದ್ದಕ್ಕೆ ಕೈ ಸ್ಪಂದಿಸಲು ಅದರಲ್ಲೇ 0.2 ಸೆಕೆಂಡ್ ಹೋಗುತ್ತದೆ. ಪುಟಿದ ಚೆಂಡು ಅನಿರೀಕ್ಷಿತವಾಗಿ ತಿರುಗಿದರೆ ವೃತ್ತಿಪರರಿಗೂ ಅಷ್ಟೇ ಹೊತ್ತು ಬೇಕೆಂದು ಮನೋವಿಜ್ಞಾನಿ ಪೀಟರ್ ಮೆಕ್‌ಲಿಯೋಡ್ 1987ರಲ್ಲೇ ತೋರಿಸಿದ್ದರು. ಮುಂದೆ 2000ದಲ್ಲಿ ಅವರೂ ದೃಷ್ಟಿ ಕುರಿತ ಸಂಶೋಧಕ ಮೈಕೆಲ್ ಲ್ಯಾಂಡ್ ಅವರೂ ಬ್ಯಾಟರ್‌ಗಳ ಕಣ್ಣಿನ ಚಲನೆಯನ್ನು ದಾಖಲಿಸಿದರು. ಯಾರೂ ಚೆಂಡನ್ನು ಉದ್ದಕ್ಕೂ ಹಿಂಬಾಲಿಸಲಿಲ್ಲ! ಹೊರಬಿದ್ದ ಚೆಂಡನ್ನು ಒಮ್ಮೆ ನೋಡಿ, ಅದು ಪುಟಿಯುವ ಜಾಗಕ್ಕೆ ಕಣ್ಣನ್ನು ಮೊದಲೇ ಜಿಗಿಸಿ ಕಾದರು. ನುರಿತವರ ಕಣ್ಣು ಬೇಗ ಜಿಗಿಯಿತು, ಉಳಿದವರದು ತಡವಾಯಿತು.

ಪೆನಾಲ್ಟಿ ಎದುರಿಸುವ ಗೋಲ್‌ಕೀಪರ್‌ಗಳಲ್ಲೂ ಹೀಗೆಯೇ. ಹೊಸಬರ ಕಣ್ಣು ಒದೆಯುವವನ ಎದೆ, ತೋಳು, ಸೊಂಟದ ಮೇಲೆ ಅಲೆದಾಡುತ್ತದೆ. ಪಳಗಿದವರು ಕಡಿಮೆ ಕಡೆ, ಆದರೆ ಹೆಚ್ಚು ಹೊತ್ತು ನೋಡುತ್ತಾರೆ. ಕೊನೆಯ ಕ್ಷಣದಲ್ಲಿ ನೆಲಕ್ಕೂರಿದ ಕಾಲು ಮತ್ತು ಚೆಂಡಿನ ಸುತ್ತ ಅವರ ಕಣ್ಣು ನಿಲ್ಲುತ್ತದೆ.

ಇದನ್ನು ಕಲಿಸಲು ಒಂದು ಮೊಬೈಲ್ ಸಾಕು. ಬ್ಯಾಟರ್ ನಿಲ್ಲುವ ಜಾಗದಲ್ಲಿ, ಅವನ ಕಣ್ಣಿನ ಎತ್ತರಕ್ಕೆ ಮೊಬೈಲ್ ಕಟ್ಟಿ, ಮೂರ್ನಾಲ್ಕು ಬೌಲರ್‌ಗಳ 20 ಎಸೆತ ಚಿತ್ರೀಕರಿಸಿ. (ನೆಟ್ ಪಕ್ಕದಿಂದ ತೆಗೆದದ್ದು ಬೇಡ, ಆ ಕೋನ ಬ್ಯಾಟರ್‌ಗೆ ಕಾಣುವುದೇ ಇಲ್ಲ.) ಚೆಂಡು ಬೆರಳು ಬಿಡುವ ಫ್ರೇಮ್‌ಗೆ ವಿಡಿಯೊ ಕತ್ತರಿಸಿ. ಎಸೆತ ಗಿಡ್ಡವೋ ಉದ್ದವೋ, ಆಫ್‌ಗೋ ಲೆಗ್‌ಗೋ ಎಂಬುದನ್ನು ಮಗು ಬಾಯಲ್ಲಿ ಹೇಳುವ ಬದಲು ಹೆಜ್ಜೆ ಇಟ್ಟೇ ತೋರಿಸಲಿ. ಆಮೇಲೆ ಪೂರ್ತಿ ಎಸೆತ ತೋರಿಸಿ. ಬಹುಪಾಲು ಸರಿಯಾಗತೊಡಗಿದರೆ ಎರಡು ಫ್ರೇಮ್ ಮುಂಚೆಯೇ ಕತ್ತರಿಸಿ. ಸೆಕೆಂಡಿಗೆ 30 ಫ್ರೇಮ್‌ಗಳ ವಿಡಿಯೊದಲ್ಲಿ ಅದು ಸುಮಾರು 0.07 ಸೆಕೆಂಡ್. ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು.

ಇಲ್ಲಿ ಎಡವುವುದು ಎರಡು ಕಡೆ. ಅದೇ ವಿಡಿಯೊಗಳನ್ನು ಮತ್ತೆ ಮತ್ತೆ ತೋರಿಸಿದರೆ ಮಗು ಎಸೆತ ಓದುವುದಿಲ್ಲ, ವಿಡಿಯೊವನ್ನೇ ಬಾಯಿಪಾಠ ಮಾಡಿಬಿಡುತ್ತದೆ. ಇನ್ನೊಂದು, ‘ಮಣಿಕಟ್ಟು ನೋಡು, ಭುಜ ನೋಡು, ಸೀಮ್ (ಚೆಂಡಿನ ಹೊಲಿಗೆ) ನೋಡು’ ಎಂದು ಒಟ್ಟಿಗೇ ಹೇರುವುದು. ಮಣಿಕಟ್ಟಿಗೇ ಅಂಟಿಕೊಂಡ ಕಣ್ಣು ಚೆಂಡು ಹೊರಬೀಳುವ ಕ್ಷಣವನ್ನೇ ಕಳೆದುಕೊಳ್ಳುತ್ತದೆ. ಒಂದು ವಾರಕ್ಕೆ ಒಂದೇ ಸುಳಿವು ಕೊಡಿ.

ಬೌಲಿಂಗ್ ಯಂತ್ರದ ಬಗ್ಗೆಯೂ ಹೇಳಲೇಬೇಕು. ಅದಕ್ಕೆ ಓಟವಿಲ್ಲ, ತೋಳಿಲ್ಲ, ಮಣಿಕಟ್ಟಿಲ್ಲ. ಒಂದು ಹೊಡೆತ ತಿದ್ದಲು ಅದು ಇರಲಿ; ಹತ್ತು ವರ್ಷದ ಮಗುವಿನ ಇಡೀ ನೆಟ್ ಅಭ್ಯಾಸ ಅದರೆದುರೇ ಕಳೆಯುವುದು ಬೇಡ.

ಇಂತಿ,
ಒಬ್ಬ ಕ್ರಿಕೆಟ್ ತರಬೇತುದಾರ