ಮಗಳಿಗೊಂದು ಪತ್ರ: ಹೊಸ ಲ್ಯಾಪ್‌ಟಾಪಿನ ಮೊದಲ ಎರಡು ಸಂಜೆ

ಪ್ರೀತಿಯ ಪುಟ್ಟಿ,

ಲ್ಯಾಪ್‌ಟಾಪ್ ಗುರುವಾರದೊಳಗೆ ನೇರವಾಗಿ ನಿನ್ನ ಹಾಸ್ಟೆಲಿಗೇ ಬರುತ್ತದೆ. ಡಬ್ಬ ಬಿಚ್ಚುವಾಗ ನಾನು ಪಕ್ಕದಲ್ಲಿ ಇರುವುದಿಲ್ಲವಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದವಾದರೆ ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಒಂದೊಂದಾಗಿ ಮಾಡಬಹುದು. ಎರಡು ಸಂಜೆಯ ಕೆಲಸ ಇದು. ನಾಳೆ ಅಸೈನ್‌ಮೆಂಟ್ ಕೊಡಬೇಕು ಅನ್ನುವ ದಿನ ಇದಕ್ಕೆ ಕೈ ಹಾಕಬೇಡ.

ಡಬ್ಬದ ಟೇಪ್ ಕತ್ತರಿಸುವ ಮೊದಲು ರೂಮ್‌ಮೇಟ್ ಕೈಗೆ ಫೋನ್ ಕೊಟ್ಟು ವಿಡಿಯೊ ಮಾಡಿಸು. ಡಬ್ಬದ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪಿನ ಅಡಿಯಲ್ಲಿರುವ ನಂಬರ್, ಬಿಲ್ಲಿನಲ್ಲಿರುವ ನಂಬರ್ ಮೂರೂ ಒಂದೇ ಆಗಿರಬೇಕು. ಬಿಲ್ಲಿನ ಪಿಡಿಎಫ್ ನಿನ್ನ ಮೇಲ್‌ಗೆ ಕಳಿಸಿದ್ದೇನೆ. ಡಬ್ಬವನ್ನೂ ಒಳಗಿನ ಥರ್ಮಾಕೋಲನ್ನೂ ವಾಪಸು ಕೊಡುವ ಅವಧಿ ಮುಗಿಯುವವರೆಗೆ ಮಂಚದ ಕೆಳಗಿಡು.

ಪವರ್ ಬಟನ್ ಒತ್ತಿದರೆ ಮೊದಲ ಸಲ ಏನೂ ಆಗದಿರಬಹುದು, ಗಾಬರಿಯಾಗಬೇಡ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ದಾಗ ಬ್ಯಾಟರಿ ಇಳಿಯದಿರಲಿ ಅಂತ ಕಾರ್ಖಾನೆಯಲ್ಲೇ ಅದನ್ನು ಮಲಗಿಸಿ ಕಳಿಸಿರುತ್ತಾರೆ. ಚಾರ್ಜರ್ ಸಿಕ್ಕಿಸಿದ ಕೂಡಲೇ ಎಚ್ಚರಗೊಳ್ಳುತ್ತದೆ. ಮೊದಲ ಸಲ 8 ಗಂಟೆ ಚಾರ್ಜ್ ಮಾಡಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. ಈಗಿನ ಲಿಥಿಯಂ ಅಯಾನ್ ಬ್ಯಾಟರಿಗೆ ಅದರ ಅಗತ್ಯವಿಲ್ಲ.

ಚಾರ್ಜರ್ 65 ವ್ಯಾಟ್‌ನದು, ಅದರ ಮೇಲೆ 20 ವೋಲ್ಟ್, 3.25 ಆ್ಯಂಪಿಯರ್ ಅಂತ ಬರೆದಿರುತ್ತದೆ. ತುದಿ ಟೈಪ್ ಸಿ ಆಗಿರುವುದರಿಂದ ಫೋನ್ ಚಾರ್ಜರ್ ಕೂಡ ಸಿಕ್ಕಿಸಲು ಬರುತ್ತದೆ, ಆದರೆ 25 ವ್ಯಾಟ್‌ನ ಫೋನ್ ಚಾರ್ಜರಿನಲ್ಲಿ ಒಂದೋ ಚಾರ್ಜ್ ಆಗುವುದೇ ಇಲ್ಲ, ಇಲ್ಲವೇ ಬಳಸುತ್ತಿದ್ದಂತೆಯೇ ಬ್ಯಾಟರಿ ಇಳಿಯುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಬೇಡ. ಅರ್ಥಿಂಗ್ ಇಲ್ಲದಿದ್ದರೆ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ. ಹಾಗೆ ಅನ್ನಿಸಿದರೆ ಆ ಸಾಕೆಟ್ ಬಿಟ್ಟು ಬೇರೆಯದಕ್ಕೆ ಹಾಕು, ವಾರ್ಡನ್‌ಗೂ ಹೇಳು.

ಇನ್ನು ಪರದೆಯ ಮೇಲೆ ಬರುವ ಪ್ರಶ್ನೆಗಳು. ದೇಶ ಇಂಡಿಯಾ, ಕೀಬೋರ್ಡ್ ಇಂಗ್ಲಿಷ್ ಇಂಡಿಯಾ. ಇದನ್ನೇ ಆರಿಸಿದರೆ ಬಲಗಡೆಯ ಆಲ್ಟ್ ಜೊತೆ 4 ಒತ್ತಿದಾಗ ರೂಪಾಯಿ ಚಿಹ್ನೆ ಬರುತ್ತದೆ. ಎರಡನೇ ಕೀಬೋರ್ಡ್ ಕೇಳಿದರೆ ಸ್ಕಿಪ್ ಮಾಡು, ಕನ್ನಡದ್ದನ್ನು ಆಮೇಲೆ ಹಾಕೋಣ. ವೈಫೈ ಸೇರಿಸಿದ ಮೇಲೆ ಅಪ್‌ಡೇಟ್ ಹುಡುಕುತ್ತಾ ಅರ್ಧ ಗಂಟೆ ನಿಂತರೂ ನಿಲ್ಲಬಹುದು, ಮುಚ್ಚಬೇಡ. ಸ್ವಂತ ಬಳಕೆಗೋ, ಆಫೀಸ್ ಅಥವಾ ಶಾಲೆಯ ಬಳಕೆಗೋ ಅಂತ ಕೇಳುತ್ತದೆ. ಕಾಲೇಜಿಗೆ ತಾನೇ ಅಂತ ಶಾಲೆಯದನ್ನು ಒತ್ತಿಬಿಡಬೇಡ. ಸ್ವಂತ ಬಳಕೆ ಅನ್ನುವುದೇ ಸರಿ.

ಇಲ್ಲಿ ಸ್ವಲ್ಪ ನಿಧಾನ ಮಾಡು ಕಣೇ, ಇಡೀ ಪತ್ರದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೇ. ಕಾಲೇಜು ಕೊಟ್ಟ ಮೇಲ್ ಐಡಿಯಿಂದ ಸೈನ್ ಇನ್ ಆಗಬೇಡ. ನಾಲ್ಕು ವರ್ಷದ ನಂತರ ಕಾಲೇಜು ಆ ಐಡಿಯನ್ನು ಮುಚ್ಚಿದರೆ ಅದಕ್ಕೆ ಕಟ್ಟಿಕೊಂಡದ್ದೆಲ್ಲ ಅದರ ಜೊತೆ ಹೋಗುತ್ತದೆ. ನಿನ್ನ ಸ್ವಂತ ಮೇಲ್‌ನಿಂದ ಮೈಕ್ರೋಸಾಫ್ಟ್ ಅಕೌಂಟ್ ಮಾಡು. ಅದಕ್ಕೆ ನಿನ್ನ ಫೋನ್ ನಂಬರ್ ಮಾತ್ರ ಕೊಟ್ಟರೆ ಸಾಲದು, ಇನ್ನೊಂದು ಮೇಲ್ ಮತ್ತು ನನ್ನ ನಂಬರನ್ನೂ ಸೇರಿಸು. ಪ್ರೀಪೇಯ್ಡ್ ಸಿಮ್ ರೀಚಾರ್ಜ್ ತಪ್ಪಿ ನಂಬರ್ ಬಂದ್ ಆದರೆ ಒಟಿಪಿ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಅಕೌಂಟ್ ಆದಮೇಲೆ ಪಿನ್ ಕೇಳುತ್ತದೆ. ಪಿನ್ ಅನ್ನುವುದು ಈ ಒಂದು ಲ್ಯಾಪ್‌ಟಾಪಿಗೆ ಮಾತ್ರ, ಪಾಸ್‌ವರ್ಡ್ ಮಾತ್ರ ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ನಡೆಯುತ್ತದೆ. ಆದ್ದರಿಂದ ಪಿನ್ ಗೆಳತಿಯರ ಕಣ್ಣಿಗೆ ಬಿದ್ದರೆ ಬದಲಾಯಿಸಿದರಾಯಿತು, ಪಾಸ್‌ವರ್ಡ್ ಯಾರಿಗೂ ಗೊತ್ತಾಗಬಾರದು. ಹುಟ್ಟಿದ ವರ್ಷ ಎರಡಕ್ಕೂ ಬೇಡ.

ನೀನು ಈ ಅಕೌಂಟಿನಿಂದ ಒಳಗೆ ಹೋಗುತ್ತಿದ್ದಂತೆ ವಿಂಡೋಸ್ 11 ತನ್ನಷ್ಟಕ್ಕೇ ಡಿಸ್ಕ್‌ನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುತ್ತದೆ. ಡಿವೈಸ್ ಎನ್‌ಕ್ರಿಪ್ಶನ್ ಅಂತ ಅದರ ಹೆಸರು. ಒಳ್ಳೆಯದೇ, ಬಸ್ಸಿನಲ್ಲಿ ಬ್ಯಾಗ್ ಕಳೆದುಹೋದರೂ ಒಳಗಿನ ಫೈಲು ಯಾರಿಗೂ ಓದಲು ಬರುವುದಿಲ್ಲ. ಆದರೆ ಬೀಗ ಬಿದ್ದಿದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಾಯಿಸಿದಾಗ, ಬಯೋಸ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಾಗ, ಸೀನಿಯರ್ ಯಾರೋ ವಿಂಡೋಸ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಡುತ್ತೇನೆ ಅಂತ, ಲ್ಯಾಪ್‌ಟಾಪ್ ಶುರುವಾಗುವಾಗ ಕಾವಲು ಕಾಯುವ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟಿದಾಗ, ಒಂದು ಬೆಳಿಗ್ಗೆ ನೀಲಿ ಪರದೆ ಬಂದು ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಈ ಬೀಗ ತೆರೆಯುವ ಕೀಲಿ, ಕೊಡು ಅನ್ನುತ್ತದೆ. ಅದು 48 ಅಂಕೆಯದು, 6 ಅಂಕೆಯ 8 ಗುಂಪು. ಅದು ಇಲ್ಲದಿದ್ದರೆ ಮೈಕ್ರೋಸಾಫ್ಟಿನವರೂ ತೆರೆದುಕೊಡಲಾರರು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ ಉಳಿಯುವ ದಾರಿ.

ಆದ್ದರಿಂದ ಮೊದಲ ಸಂಜೆಯೇ ಫೋನಿನ ಬ್ರೌಸರಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಡಿವೈಸಸ್ ಭಾಗದಲ್ಲಿ ನಿನ್ನ ಲ್ಯಾಪ್‌ಟಾಪಿನ ಹೆಸರು ಹುಡುಕಿ, ರಿಕವರಿ ಕೀ ಅಲ್ಲಿ ಬಂದಿದೆಯೇ ನೋಡು. ಬಂದಿದ್ದರೆ ಕಾಗದದ ಮೇಲೆ ಎರಡು ಪ್ರತಿ ಬರೆದುಕೋ, ಜೊತೆಗಿರುವ ಕೀ ಐಡಿಯ ಮೊದಲ 8 ಅಕ್ಷರವನ್ನೂ ಬರೆ. ನೀಲಿ ಪರದೆ ಅದೇ ಐಡಿಯನ್ನು ತೋರಿಸುತ್ತದೆ, ಹೋಲಿಸಿ ನೋಡಲು ಬೇಕಾಗುತ್ತದೆ. ಕೀಲಿಯನ್ನು ಲ್ಯಾಪ್‌ಟಾಪಿನ ಒಳಗೇ ಫೈಲಾಗಿ ಇಟ್ಟರೆ ಪೆಟ್ಟಿಗೆಯ ಬೀಗದಕೈಯನ್ನು ಪೆಟ್ಟಿಗೆಯೊಳಗೇ ಹಾಕಿದ ಹಾಗೆ.

ಸೆಟಪ್ಪಿನ ಕೊನೆಯಲ್ಲಿ ಆಫೀಸ್ ಟ್ರಯಲ್, ಗೇಮ್ ಪಾಸ್ ಅಂತ ಒಂದರ ಹಿಂದೆ ಒಂದು ಬರುತ್ತವೆ. ಕಾರ್ಡ್ ನಂಬರ್ ಕೇಳುವ ಯಾವುದಕ್ಕೂ ಒಪ್ಪಬೇಡ. ನಿನ್ನ ಲ್ಯಾಪ್‌ಟಾಪಿನ ಬೆಲೆಯಲ್ಲೇ ಆಫೀಸ್ ಹೋಮ್ ಸೇರಿದೆ. ವರ್ಡ್ ತೆರೆದು ಅದೇ ಸ್ವಂತ ಅಕೌಂಟಿನಿಂದ ಆ್ಯಕ್ಟಿವೇಟ್ ಮಾಡು. ಇದಕ್ಕೆ ಅವಧಿ ಇರುತ್ತದೆ, ಮುಂದಿನ ಸೆಮಿಸ್ಟರ್ ನೋಡೋಣ ಅಂತ ಬಿಡಬೇಡ. ಆಮೇಲೆ ಟೀಮ್ಸ್‌ಗೆ ಕಾಲೇಜು ಐಡಿ ಹಾಕುವಾಗ, ಈ ಲ್ಯಾಪ್‌ಟಾಪನ್ನು ನಿಮ್ಮ ಸಂಸ್ಥೆ ನಿಭಾಯಿಸಲು ಬಿಡುತ್ತೀರಾ ಅನ್ನುವ ಅರ್ಥದ ಕಿಟಕಿ ಬರುತ್ತದೆ. ಅಲ್ಲಿರುವ ಟಿಕ್ ತೆಗೆದು, ಈ ಆ್ಯಪ್‌ಗೆ ಮಾತ್ರ ಸೈನ್ ಇನ್ ಅನ್ನುವುದನ್ನು ಒತ್ತು.

ಡೆಸ್ಕ್‌ಟಾಪ್ ಕಂಡ ಮೇಲೆ ಮೊದಲು ಯಂತ್ರದ ಪರೀಕ್ಷೆ, ಅಲಂಕಾರ ಆಮೇಲೆ. ಬಿಳಿ, ಕಪ್ಪು, ಕೆಂಪು ಚಿತ್ರಗಳನ್ನು ಪರದೆ ತುಂಬ ಹಾಕಿ ಸತ್ತ ಚುಕ್ಕೆ ಇದೆಯೇ ನೋಡು. ನೋಟ್‌ಪ್ಯಾಡಿನಲ್ಲಿ ಎಲ್ಲ ಕೀ ಒತ್ತು. ಪ್ರತಿಯೊಂದು ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡು. ಕ್ಯಾಮೆರಾ ಕಪ್ಪಾಗಿ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡ, ಪರದೆಯ ಮೇಲಂಚಿನ ಪುಟ್ಟ ಮುಚ್ಚಳ ಸರಿಸಬೇಕು. 512 ಜಿಬಿ ಡಿಸ್ಕ್ 476 ಅಂತ ಕಾಣಿಸಿದರೆ ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು 1000ದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 16 ಜಿಬಿ ರ್‍ಯಾಮ್‌ನಲ್ಲೂ ಗ್ರಾಫಿಕ್ಸ್ ತನ್ನ ಪಾಲು ತೆಗೆದುಕೊಂಡಿರುತ್ತದೆ.

ಬ್ಯಾಟರಿ ನಿಜಕ್ಕೂ ಹೊಸದೇ ಅಂತ ತಿಳಿಯಲು ಒಂದು ಉಪಾಯವಿದೆ. ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೆ ಅಂಟಿಸಿ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತು. ಒಂದು ವೆಬ್‌ಪುಟ ತಯಾರಾಗಿ ಅದು ಎಲ್ಲಿದೆ ಅಂತ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿಯೂ ಫುಲ್ ಚಾರ್ಜ್ ಕೆಪಾಸಿಟಿಯೂ ಹತ್ತಿರ ಹತ್ತಿರ ಇರಬೇಕು. ಸೈಕಲ್ ಕೌಂಟ್, ಅಂದರೆ ಬ್ಯಾಟರಿ ಪೂರ್ತಿ ಬಳಕೆಯಾಗಿ ತುಂಬಿದ ಸಲಗಳ ಲೆಕ್ಕ, ಕಂಡರೆ ಬೆರಳೆಣಿಕೆಯಷ್ಟಿರಬೇಕು. ಹತ್ತಾರು ಸೈಕಲ್ ಆಗಿದ್ದರೆ ಯಾರೋ ಬಳಸಿದ ಲ್ಯಾಪ್‌ಟಾಪ್ ಅದು, ತಕ್ಷಣ ನನಗೆ ಫೋನ್ ಮಾಡು, ವಾಪಸು ಮಾಡೋಣ. ಲ್ಯಾಪ್‌ಟಾಪ್ ತಯಾರಿಸಿದ ಲೆನೊವೊ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಶುರು ಅಂತಲೂ ನೋಡು. ಕೊಂಡ ದಿನಕ್ಕಿಂತ ಹಿಂದಿನ ತಾರೀಕು ಇದ್ದರೆ ಬಿಲ್ ಕಳಿಸಿ ತಿದ್ದಿಸಿಕೊಳ್ಳಬಹುದು.

ಎರಡನೇ ಸಂಜೆ ಅಪ್‌ಡೇಟ್‌ಗಳದ್ದು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒತ್ತಿ, ರೀಸ್ಟಾರ್ಟ್ ಮಾಡಿ, ಮತ್ತೆ ಒತ್ತು. ಇನ್ನೇನೂ ಇಲ್ಲ ಅನ್ನುವವರೆಗೆ ಮೂರು ನಾಲ್ಕು ಸುತ್ತು ಬೇಕಾಗಬಹುದು. ಹಾಸ್ಟೆಲ್ ವೈಫೈಯಲ್ಲಿ ಮಾಡು. ಫೋನ್ ಹಾಟ್‌ಸ್ಪಾಟ್ ಬಳಸುವ ದಿನ ಆ ಸಂಪರ್ಕವನ್ನು ಮೀಟರ್ಡ್ (ಡೇಟಾಗೆ ಮಿತಿಯಿದೆ) ಅಂತ ಗುರುತಿಸಿಡು, ಇಲ್ಲದಿದ್ದರೆ ಒಂದೇ ಅಪ್‌ಡೇಟ್ ದಿನದ ಡೇಟಾವನ್ನೆಲ್ಲ ನುಂಗಿಬಿಡುತ್ತದೆ. ಆಮೇಲೆ ಲೆನೊವೊದ ವಾಂಟೇಜ್ ಆ್ಯಪ್ ತೆರೆದು ಡ್ರೈವರುಗಳು (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳು), ಕೊನೆಯಲ್ಲಿ ಬಯೋಸ್. ಬಯೋಸ್ ಅಪ್‌ಡೇಟ್ ನಡೆಯುವಾಗ ಚಾರ್ಜರ್ ಹಾಕಿರಲಿ, ಪರದೆ ಕಪ್ಪಾಗಿ ಫ್ಯಾನ್ ಜೋರಾದರೂ ಬಟನ್ ಒತ್ತಬೇಡ. ರಿಕವರಿ ಕೀ ಬರೆದುಕೊಂಡಾದ ಮೇಲೆಯೇ ಇದು, ಏಕೆ ಅಂತ ಮೇಲೆ ಹೇಳಿದ್ದೇನೆ.

ವಾಂಟೇಜ್‌ನಲ್ಲೇ ಕನ್ಸರ್ವೇಶನ್ ಮೋಡ್ ಇದೆ. ಅದನ್ನು ಹಾಕಿಟ್ಟರೆ ಚಾರ್ಜ್ ಶೇಕಡಾ 80ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತರೆ ಬೇಗ ಮುಪ್ಪಾಗುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ರೂಮೇ 40 ಡಿಗ್ರಿ ಹತ್ತಿರ ಇರುವಾಗ ಕೇಳಬೇಕೇ. ಊರಿಗೆ ಬರುವ ಹಿಂದಿನ ರಾತ್ರಿ ಮಾತ್ರ ಅದನ್ನು ತೆಗೆದು 100 ಮಾಡಿಕೋ. ಹಾಸಿಗೆಯ ಮೇಲಿಟ್ಟು ಬಳಸಬೇಡ, ಗಾಳಿ ಎಳೆಯುವ ಕಿಂಡಿ ಅಡಿಯಲ್ಲಿದೆ, ಹೊದಿಕೆ ಅದನ್ನು ಮುಚ್ಚುತ್ತದೆ. ಪರೀಕ್ಷೆಯ ರಾತ್ರಿ ಫ್ಯಾನ್ ಸದ್ದು ರೂಮ್‌ಮೇಟ್‌ಗೆ ತೊಂದರೆಯಾದರೆ ಎಫ್‌ಎನ್ ಜೊತೆ ಕ್ಯೂ ಒತ್ತಿ ನಿಶ್ಶಬ್ದ ಮೋಡ್‌ಗೆ ಹೋಗು.

ಮೊದಲೇ ತುಂಬಿ ಕಳಿಸಿರುವ ಟ್ರಯಲ್ ಆ್ಯಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡು. ಅದು ಇರುವವರೆಗೆ ವಿಂಡೋಸ್‌ನ ಸ್ವಂತ ಡಿಫೆಂಡರ್ ಬದಿಗೆ ಸರಿದಿರುತ್ತದೆ, ತೆಗೆದು ರೀಸ್ಟಾರ್ಟ್ ಮಾಡಿದರೆ ತಾನೇ ಕೆಲಸಕ್ಕೆ ಬರುತ್ತದೆ, ನಿನಗೆ ಅದು ಸಾಕು. ಪ್ರೋಗ್ರಾಮಿಂಗ್‌ಗೆ ಪೈಥಾನ್ ಹಾಕುವಾಗ ಮೊದಲ ಕಿಟಕಿಯಲ್ಲೇ ಪಾತ್‌ಗೆ (ವಿಂಡೋಸ್ ಆಜ್ಞೆಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸು ಅನ್ನುವ ಚೌಕವಿದ್ದರೆ ಟಿಕ್ ಹಾಕು, ಅದನ್ನು ಮರೆತರೆ ಟರ್ಮಿನಲ್‌ನಲ್ಲಿ ಪೈಥಾನ್ ಅಂದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮಾತ್ರ ಪೆನ್‌ಡ್ರೈವಿನಲ್ಲಿ ಯಾರು ಕೊಟ್ಟರೂ ಬೇಡ. ಡಿಫೆಂಡರ್ ಆಫ್ ಮಾಡಿ ಹಾಕಬೇಕು ಅಂದರೆ ಒಳಗೆ ಏನಿದೆ ಅಂತ ಅಲ್ಲೇ ಗೊತ್ತಾಗಬೇಕು. ನಕ್ಷೆ ಬಿಡಿಸುವ ಆಟೊಕ್ಯಾಡ್ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಸಿಗುತ್ತದೆ, ಅಲ್ಲಿ ಕಾಲೇಜು ಐಡಿ ಬಳಸು.

ಕನ್ನಡಕ್ಕೆ ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಭಾಷೆ ಸೇರಿಸು. ಬರೀ ಕನ್ನಡ ಅನ್ನುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಂದೇ ಮಾಡಿದ ಕೀಲಿ ವಿನ್ಯಾಸ, ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಬೇಕಿದ್ದರೆ ಕನ್ನಡ ಫೊನೆಟಿಕ್ ಆರಿಸು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ನುಡಿ ಕೀಬೋರ್ಡ್ ನಿನ್ನ ಕೈಗೆ ರೂಢಿಯಾಗಿದೆ ಅಲ್ಲವೇ, ಎಫ್ ಒತ್ತಿದರೆ ಒತ್ತಕ್ಷರ ಬರುವುದು. ಅದು ವಿಂಡೋಸ್ ಜೊತೆ ಬರುವುದಿಲ್ಲ, ನುಡಿ ತಂತ್ರಾಂಶವನ್ನೇ ಹಾಕಿಕೊಳ್ಳಬೇಕು. ಹಾಕಿದ ಮೇಲೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಆಯ್ಕೆಯಲ್ಲೇ ಬರೆ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ.

ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ನಿನ್ನನ್ನು ಸರಿಯಾಗಿ ಕೇಳದೆಯೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಎಳೆದುಕೊಂಡಿರಬಹುದು. ಉಚಿತ ಜಾಗ 5 ಜಿಬಿ ಮಾತ್ರ, ಫೋಟೊ ಸೇರಿದರೆ ಒಂದೇ ತಿಂಗಳಲ್ಲಿ ತುಂಬಿ ನಿಲ್ಲುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ಒತ್ತಿ ಡಾಕ್ಯುಮೆಂಟ್ಸ್ ಒಂದನ್ನು ಉಳಿಸಿಕೊಂಡು ಉಳಿದೆರಡನ್ನು ಬಿಡಿಸು. ಬಿಡಿಸಿದ ಮೇಲೆ ಡೆಸ್ಕ್‌ಟಾಪ್ ಖಾಲಿಯಾದಂತೆ ಕಂಡರೆ ಅಳಬೇಡ, ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗಿರುತ್ತವೆ. ಇದರ ಹೊರತಾಗಿ ಲ್ಯಾಬ್ ರೆಕಾರ್ಡ್, ಪ್ರಾಜೆಕ್ಟ್ ಎಲ್ಲ ಭಾನುವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೂ ಹೋಗಲಿ. 1 ಟಿಬಿಯದು ಅಪ್ಪನ ಮೇಜಿನಲ್ಲಿದೆ, ಮುಂದಿನ ಪಾರ್ಸೆಲ್‌ನಲ್ಲಿ ಕಳಿಸುತ್ತೇನೆ. ಅದನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಬೇಡ, ಬ್ಯಾಗ್ ಹೋದರೆ ಎರಡೂ ಹೋಗುತ್ತವೆ.

ರಿಕವರಿ ಕೀಯ ಒಂದು ಪ್ರತಿ ನಿನ್ನ ಟ್ರಂಕಿನಲ್ಲಿರಲಿ. ಇನ್ನೊಂದನ್ನು ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಬೇಡ, ದಸರೆಗೆ ಬರುವಾಗ ಕೈಯಲ್ಲೇ ತಾ. ಬೀರುವಿನಲ್ಲಿ ನಿನ್ನ ಮಾರ್ಕ್ಸ್ ಕಾರ್ಡ್ ಇರುವ ಹಸಿರು ಫೈಲಿನಲ್ಲಿ ಅದಕ್ಕೊಂದು ಕವರ್ ಇಟ್ಟಿದ್ದೇನೆ.

ನಿನ್ನ ಪ್ರೀತಿಯ
ಅಮ್ಮ