ಅತ್ತಿಮರಕ್ಕೆ ಹತ್ತು ಸಸಿಯ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ರಸ್ತೆ ವಿಸ್ತರಣೆಗಾಗಿ ಕಡಿಯುವ ಪ್ರತಿ ಮರಕ್ಕೆ ಬದಲಾಗಿ ಹತ್ತು ಸಸಿಗಳನ್ನು ನೆಡಲಾಗುವುದು ಎಂಬ ಭರವಸೆ ಮಳೆಗಾಲ ಹತ್ತಿರವಾದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ತಾಲ್ಲೂಕಿನ ರಸ್ತೆಯೊಂದರ ಬದಿಯಲ್ಲಿ ಈಚೆಗೆ ಕೆಂಪು ಬಣ್ಣದ ಸಂಖ್ಯೆ ಬರೆಸಿಕೊಂಡು ನಿಂತ ಮರಗಳಲ್ಲಿ ಅತ್ತಿ, ಆಲ, ಬಸರಿ, ಗೋಣಿ ಎಂಬ ಒಂದೇ ಕುಲದ ಮರಗಳೇ ಹೆಚ್ಚು. ಬದಲಿಗೆ ನೆಡುವ ಸಸಿಗಳ ಪಟ್ಟಿಯಲ್ಲಿ ಮಾತ್ರ ಇವುಗಳಲ್ಲಿ ಒಂದರ ಹೆಸರೂ ಇಲ್ಲ. ಮರವನ್ನು ಬರಿಯ ಸಂಖ್ಯೆಯಾಗಿ ಕಾಣುವ ಈ ಲೆಕ್ಕ ಎಲ್ಲಿ ಎಡವುತ್ತದೆ ಎಂಬುದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ನಡೆದ ಸಂಶೋಧನೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಪ್ರೊ. ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿಮರವನ್ನೂ ಅದನ್ನು ಆಶ್ರಯಿಸಿದ ಕೀಟಗಳನ್ನೂ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿ ಕಂಡುಬಂದ ಸಂಗತಿಗಳು ಸಂಶೋಧನಾ ಪತ್ರಿಕೆಗಳನ್ನು ದಾಟಿ ಲೋಕೋಪಯೋಗಿ ಇಲಾಖೆಯ ಮೇಜಿನವರೆಗೆ ಬಂದಂತೆ ತೋರುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂಬ ಮಾತನ್ನು ನಾವು ಹೊರಗೆ ಚೆಂದ, ಒಳಗೆ ಹುಳುಕು ಎನ್ನುವ ಅರ್ಥದಲ್ಲಿ ಬಳಸುತ್ತೇವೆ. ಮರದ ದೃಷ್ಟಿಯಿಂದ ನೋಡಿದರೆ ಆ ಹುಳವಿಲ್ಲದೆ ಬೀಜವೇ ಇಲ್ಲ. ನಾವು ಕಾಯಿ ಎನ್ನುವುದು ನಿಜವಾಗಿ ನೂರಾರು ಸಣ್ಣ ಹೂಗಳನ್ನು ಒಳಮುಖವಾಗಿ ಜೋಡಿಸಿಕೊಂಡ ಮುಚ್ಚಿದ ಹೂಗೊಂಚಲು. ಎಳೆಗಾಯಿಯೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ, ತೊಟ್ಟಿನ ಎದುರು ತುದಿಯಲ್ಲಿ ಒಂದರ ಮೇಲೊಂದು ಒತ್ತಿ ಕುಳಿತ ಪುಟ್ಟ ಎಸಳುಗಳ ನಡುವೆ ಇರುವ ಕಿರಿದಾದ ದಾರಿ ಕಾಣುತ್ತದೆ. ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಎಂಬ, ಒಂದೆರಡು ಮಿಲಿಮೀಟರಿನಷ್ಟೇ ಉದ್ದದ ಹೆಣ್ಣುಕಣಜ ಈ ದಾರಿಯಲ್ಲೇ ಒಳಹೊಗುತ್ತದೆ. ಹೊಗುವಾಗ ಸಾಮಾನ್ಯವಾಗಿ ಅದರ ರೆಕ್ಕೆಗಳು ಮುರಿಯುತ್ತವೆ, ಮೀಸೆಯ ತುದಿಗಳೂ ಉದುರುತ್ತವೆ. ಎದೆಯ ಚೀಲಗಳಲ್ಲಿ ತುಂಬಿ ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅದು ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂಗಳು ಕಣಜದ ಮರಿಗಳ ಪಾಲು, ಉಳಿದವು ಬೀಜಗಳ ಪಾಲು. ಕೆಲವು ವಾರಗಳ ಬಳಿಕ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ತಾವು ಬೆಳೆದ ಹೂವಿನೊಳಗೇ ಇನ್ನೂ ಇರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಡುತ್ತವೆ. ಹೊಸ ಪರಾಗ ತುಂಬಿಕೊಂಡ ಹೆಣ್ಣುಗಳು ಆ ದಾರಿಯಿಂದ ಹಾರಿಹೋಗುತ್ತವೆ.

ಈ ಇಬ್ಬರ ಸಂಸಾರದಲ್ಲಿ ಮೂರನೆಯವರೂ ಇದ್ದಾರೆ. ಬೋರ್ಜಸ್ ತಂಡ ಅಧ್ಯಯನ ಮಾಡಿದ ಅತ್ತಿಮರಗಳಲ್ಲಿ ಪರಾಗ ತರುವ ಈ ಒಂದು ಜಾತಿಯ ಜೊತೆಗೆ ಪರಾಗಸ್ಪರ್ಶಕ್ಕೆ ಯಾವ ನೆರವನ್ನೂ ನೀಡದ ಇನ್ನೂ ಆರು ಜಾತಿಯ ಕಣಜಗಳಿವೆ. ಇವು ಕಾಯಿಯೊಳಗೆ ಹೋಗದೆ ಹೊರಗಿನಿಂದಲೇ ಉದ್ದನೆಯ ಸೂಜಿಯಂತಹ ಅಂಗವನ್ನು ಚುಚ್ಚಿ ಮೊಟ್ಟೆಯಿಡುತ್ತವೆ. ಅವುಗಳಲ್ಲೊಂದರ ಚುಚ್ಚುವ ತುದಿ ಸತುವಿನಿಂದ ಗಟ್ಟಿಯಾಗಿರುವುದನ್ನು ಅದೇ ಸಂಸ್ಥೆಯ ಎಂಜಿನಿಯರಿಂಗ್ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಕಣಜದ ಮೈಯಲ್ಲಿ ಸೇರಿಕೊಂಡು ಕಾಯಿಯಿಂದ ಕಾಯಿಗೆ ಸಾಗುವ ಜಂತುಹುಳುಗಳು ಸರಿಯಾದ ವಾಹನವನ್ನು ಹೇಗೆ ಆರಿಸಿಕೊಳ್ಳುತ್ತವೆ ಎಂಬುದೂ ಇಲ್ಲಿ ಅಧ್ಯಯನದ ವಿಷಯವಾಗಿದೆ. ಮಲೆನಾಡಿನಲ್ಲಿ ಚಟ್ನಿಗೆ ಹೆಸರಾದ ಚಗಳಿ ಇರುವೆಯಂತೂ ಕಣಜಗಳ ವಾಸನೆಯನ್ನೇ ಗುರುತಿಸಿ ಬೇಟೆಗೆ ಬರುತ್ತದೆಂದು ಕಂಡುಬಂದಿದೆ. ಒಂದು ಅತ್ತಿಮರದ ಬೊಡ್ಡೆಯ ಮೇಲೆ ಇಷ್ಟೆಲ್ಲ ವ್ಯವಹಾರ ನಡೆಯುತ್ತಿರುವಾಗ ಗುತ್ತಿಗೆದಾರರ ಕಡತದಲ್ಲಿ ಅದು ಸುತ್ತಳತೆ ಇಷ್ಟು, ಸೌದೆ ಇಷ್ಟು ಎಂದಷ್ಟೇ ದಾಖಲಾಗುತ್ತದೆ.

ನನ್ನ ವಾದಕ್ಕೆ ಮುಖ್ಯವಾದ ಅಂಶ ಕಾಲದ್ದು. ಹೊರಬಂದ ಹೆಣ್ಣುಕಣಜದ ಆಯುಸ್ಸು ಒಂದೆರಡು ದಿನ ಮಾತ್ರ. ಒಂದು ಮರದ ಕಾಯಿಗಳು ಬಹುಮಟ್ಟಿಗೆ ಒಟ್ಟಿಗೇ ಬಲಿಯುವುದರಿಂದ, ಅದು ಹಾರುವ ಹೊತ್ತಿಗೆ ಅದೇ ಮರದಲ್ಲಿ ಒಳಹೊಗಲು ತಕ್ಕ ಎಳೆಗಾಯಿ ಸಾಮಾನ್ಯವಾಗಿ ಇರುವುದಿಲ್ಲ. ವಾಸನೆಯ ಜಾಡು ಹಿಡಿದು ಅದು ಇನ್ನೊಂದು ಅತ್ತಿಮರವನ್ನೇ ಹುಡುಕಬೇಕು. ಹೀಗಾಗಿ ವರ್ಷದ ಯಾವುದೇ ವಾರದಲ್ಲಿ ಸುತ್ತಲ ಪ್ರದೇಶದ ಯಾವುದೋ ಒಂದು ಅತ್ತಿ ಕಣಜವನ್ನು ಬಿಡುತ್ತಿರಬೇಕು, ಬೇರೊಂದು ಅದನ್ನು ಬರಮಾಡಿಕೊಳ್ಳಲು ಸಿದ್ಧವಾಗಿರಬೇಕು. ಇದು ಒಂದೆರಡು ಮರಗಳಿಂದ ನಡೆಯುವ ಕೆಲಸವಲ್ಲ. ಬೇರೆ ಬೇರೆ ಕಾಲಕ್ಕೆ ಕಾಯಿ ಬಿಡುವ ಹತ್ತಾರು ಮರಗಳು ಬೇಕು. ಬೇಸಿಗೆಯಲ್ಲಿ ಬೇರೆ ಹಣ್ಣು ಸಿಗದ ದಿನಗಳಲ್ಲಿಯೂ ಮಂಗಟ್ಟೆ ಹಕ್ಕಿ, ಪಿಕಳಾರ, ಮುಸುವ, ಬಾವಲಿಗಳಿಗೆ ಎಲ್ಲೋ ಒಂದು ಕಡೆ ಅತ್ತಿಯೋ ಆಲವೋ ಹಣ್ಣಾಗಿರುವುದು ಈ ವ್ಯವಸ್ಥೆಯ ಫಲ. ಸಾಲಿನಿಂದ ಇಪ್ಪತ್ತು ಅತ್ತಿಮರಗಳನ್ನು ತೆಗೆದರೆ ಇಪ್ಪತ್ತು ಮರಗಳಷ್ಟೇ ಹೋದಂತಲ್ಲ, ಉಳಿದ ಮರಗಳ ಕಾಯಿಗಳಿಗೂ ಕಣಜ ತಲಪುವ ಸಂಭವ ಕಡಿಮೆಯಾಗುತ್ತದೆ. ಪರಾಗ ಸಿಗದ ಎಳೆಗಾಯಿಗಳು ಸಾಮಾನ್ಯವಾಗಿ ಹಣ್ಣಾಗದೆ ಉದುರುತ್ತವೆ.

ಇದಕ್ಕೆ ಆಕ್ಷೇಪವೂ ಇದೆ, ಅದು ಹಗುರವಾದುದಲ್ಲ. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಅತ್ತಿಯ ಹತ್ತಿರದ ಬಂಧುವಾದ ಮರವೊಂದರ ಕಣಜಗಳು ಗಾಳಿಯ ನೆರವಿನಿಂದ 160 ಕಿಲೊಮೀಟರ್‌ವರೆಗೂ ಪರಾಗ ಒಯ್ಯುವುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1883ರ ಸ್ಫೋಟದಲ್ಲಿ ಬರಿದಾದ ಕ್ರಕಟಾವ್ ದ್ವೀಪಗಳಿಗೂ ಬೀಜ ಮತ್ತು ಕಣಜಗಳು ಸಮುದ್ರ ದಾಟಿ ಬಂದು ಆಲದ ಕುಲದ ಮರಗಳು ಮತ್ತೆ ನೆಲೆಯೂರಿದವು. ಹಾಗಾದರೆ ರಸ್ತೆಬದಿಯ ನಾಲ್ಕು ಮರಗಳ ಬಗ್ಗೆ ಇಷ್ಟು ಆತಂಕವೇಕೆ ಎಂದು ಕೇಳಬಹುದು. ಕಣಜಗಳು ದೂರ ಹೋಗಬಲ್ಲವು ಎಂಬುದು ನಿಜ, ಆದರೆ ಹೋಗಿ ಸೇರಲು ಅಲ್ಲಿ ತಕ್ಕ ಹದದಲ್ಲಿ ಮರವಿರಬೇಕು. ಇನ್ನೊಂದು ಮುಖವನ್ನು ಬೋರ್ನಿಯೊ ದ್ವೀಪದ ಲಾಂಬಿರ್ ಕಾಡು ತೋರಿಸಿದೆ. 1998ರ ತೀವ್ರ ಬರದಲ್ಲಿ ಅಲ್ಲಿನ ಇದೇ ಕುಲದ ಕೆಲವು ಜಾತಿಯ ಮರಗಳು ಕಾಯಿ ಬಿಡುವುದನ್ನು ನಿಲ್ಲಿಸಿದಾಗ ಅವುಗಳ ಕಣಜಗಳು ಆ ಪ್ರದೇಶದಿಂದಲೇ ಅಳಿದುಹೋದವು. ಆ ಜಾತಿಗಳಲ್ಲಿ ಬೀಜ ಕೊಡುವ ಮರ ಬೇರೆ, ಕಣಜ ಬೆಳೆಸುವ ಮರ ಬೇರೆ. ನಮ್ಮ ಅತ್ತಿಯಲ್ಲಿ ಎರಡೂ ಒಂದೇ ಮರದಲ್ಲಿ ನಡೆಯುವುದರಿಂದ ಆ ಫಲಿತಾಂಶವನ್ನು ಇಲ್ಲಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಸಿಂಗಪುರದ ಸಂಶೋಧಕರು 2013ರಲ್ಲಿ ಪ್ರಕಟಿಸಿದಂತೆ, ಉಷ್ಣತೆ ಕೆಲವೇ ಡಿಗ್ರಿ ಏರಿದರೂ ಈ ಬಗೆಯ ಕಣಜಗಳ ಆಯುಸ್ಸು ಗಣನೀಯವಾಗಿ ಕುಗ್ಗುತ್ತದೆ. ನೆರಳು ಕಳೆದುಕೊಂಡು ಡಾಂಬರು ಹೊದ್ದ ರಸ್ತೆಯ ಮೇಲೆ ಏಪ್ರಿಲ್ ತಿಂಗಳಲ್ಲಿ ಅವು ಹಾರಬೇಕಾದ ದೂರವೂ ಹೆಚ್ಚುತ್ತದೆ, ಹಾರಲು ಇರುವ ಸಮಯವೂ ಕಡಿಮೆಯಾಗುತ್ತದೆ.

ಹೊರಗಿನ ಉದಾಹರಣೆಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಸ್ಥಳೀಯ ಅಧ್ಯಯನ ಏಕೆ ಮುಖ್ಯ ಎಂಬುದಕ್ಕೆ ಇದೇ ತಂಡದ ಇನ್ನೊಂದು ಕೆಲಸ ಸಾಕ್ಷಿ. ಪಶ್ಚಿಮಘಟ್ಟಗಳಲ್ಲಿ ಮಾತ್ರ ಬೆಳೆಯುವ ಹಂಬೋಲ್ಟಿಯಾ ಬ್ರೂನೋನಿಸ್ ಎಂಬ ಸಣ್ಣ ಮರದ ಕೆಲವು ಗಿಡಗಳಲ್ಲಿ ಟೊಂಗೆಯ ಗಿಣ್ಣುಗಳ ನಡುವಿನ ಭಾಗ ಊದಿ ಪೊಳ್ಳಾಗಿರುತ್ತದೆ, ಅದರಲ್ಲಿ ಇರುವೆಗಳು ವಾಸಿಸುತ್ತವೆ. ಪಕ್ಕದ ಗಿಡದಲ್ಲಿ ಅಂತಹ ಪೊಳ್ಳೇ ಇಲ್ಲದಿರಬಹುದು. ಹಾಗೆ ನೆಲೆಸುವ ಇರುವೆಗಳಲ್ಲಿ ಹೆಚ್ಚಿನವು ಎಲೆ ತಿನ್ನುವ ಹುಳಗಳಿಂದ ಗಿಡವನ್ನು ಕಾಯುವುದಿಲ್ಲ. ಕಾಯುವ ಇರುವೆ ಸಿಗುವುದೂ ಎಲ್ಲ ಕಾಡುಗಳಲ್ಲಿ ಅಲ್ಲ. ಆದರೂ ಪೊಳ್ಳಿನಲ್ಲಿ ಬಿದ್ದ ಇರುವೆಗಳ ಕಸದಿಂದ, ಅಲ್ಲಿಯೇ ವಾಸಿಸುವ ಎರೆಹುಳುವಿನ ತ್ಯಾಜ್ಯದಿಂದಲೂ, ಗಿಡ ಸಾರಜನಕವನ್ನು ಹೀರಿಕೊಳ್ಳುತ್ತದೆ. ಅದರ ಹೂಗಳಿಗೆ ಪರಾಗ ತರುವ ಸಣ್ಣ ಜೇನೊಂದು ಗೂಡು ಮಾಡುವುದೂ ಆ ಪೊಳ್ಳಿನಲ್ಲಿಯೇ. ಒಂದು ಕಾಡಿನಲ್ಲಿ ಕಂಡ ಸಂಬಂಧ ಪಕ್ಕದ ಕಾಡಿನಲ್ಲಿ ಹಾಗೆಯೇ ಇರುವುದಿಲ್ಲವೆಂದಾದ ಮೇಲೆ, ರಾಜ್ಯಕ್ಕೆಲ್ಲ ಒಂದೇ ನಮೂನೆಯ ಸಸಿಪಟ್ಟಿ ಹೊರಡಿಸುವುದು ಯಾವ ಆಧಾರದ ಮೇಲೆ?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ, ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿಯೂ ಬೇಕು. ಅನುಮತಿಯ ಕಡತದಲ್ಲಿ ಜಾತಿ, ಸುತ್ತಳತೆಗಳ ಜೊತೆಗೆ ಮರ ಅತ್ತಿ, ಆಲದ ಕುಲಕ್ಕೆ ಸೇರಿದ್ದೇ, ಸುತ್ತಮುತ್ತ ಅದೇ ಜಾತಿಯ ಎಷ್ಟು ಮರಗಳು ಉಳಿಯುತ್ತವೆ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಲು ಹೊಸ ಕಾನೂನೇನೂ ಬೇಕಾಗಲಾರದು. ರಸ್ತೆಯನ್ನು ಎಡಕ್ಕೋ ಬಲಕ್ಕೋ ಕೊಂಚ ಸರಿಸಿ ಉಳಿಸಬಹುದಾದ ಮರಗಳನ್ನು ಮೊದಲು ಉಳಿಸಲಿ. ದತ್ತಾತ್ರೇಯನ ಸನ್ನಿಧಿಯೆಂದು ಅತ್ತಿಗೆ ಕೊಡಲಿ ಹಾಕಲು ಹಿಂಜರಿಯುವ ಹಳ್ಳಿಗರು ಈಗಲೂ ಇದ್ದಾರೆ, ಅವರ ಸಹಕಾರ ಇಲಾಖೆಗೆ ಸುಲಭವಾಗಿ ಸಿಕ್ಕೀತು. ಕಡಿಯಲೇಬೇಕಾದಲ್ಲಿ ಅದೇ ಜಾತಿಯನ್ನು ಅದೇ ಪ್ರದೇಶದಲ್ಲಿ ನೆಡಬೇಕು. ಹಾಗೆ ನೆಡುವಾಗ ಒಂದೇ ಮರದ ಕೊಂಬೆಗಳನ್ನು ಕಡಿದು ಸಾಲಾಗಿ ಊರಿದರೆ ತಳಿಯ ದೃಷ್ಟಿಯಿಂದ ಅವೆಲ್ಲವೂ ಒಂದೇ ಮರ. ಆದ್ದರಿಂದ ಬೀಜದ ಸಸಿಗಳನ್ನೋ ಹಲವು ತಾಯಿಮರಗಳಿಂದ ತಂದ ಕೊಂಬೆಗಳನ್ನೋ ಬಳಸಬೇಕು. ಅರಣ್ಯ ಇಲಾಖೆಯ ನರ್ಸರಿಗಳು ಬರುವ ಮಳೆಗಾಲದ ಸಸಿಗಳನ್ನು ಬೇಸಿಗೆಗೆ ಮೊದಲೇ ಸಿದ್ಧಪಡಿಸಬೇಕಾಗುವುದರಿಂದ, ಸಸಿಪಟ್ಟಿಗಳನ್ನು ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳ ನೆರವಿನಿಂದ ಈ ವರ್ಷವೇ ಪರಿಷ್ಕರಿಸುವಂತೆ ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ
ಉತ್ತರ ಕನ್ನಡ ಜಿಲ್ಲೆ