ಬಟರ್‌ವರ್ಟ್ ಸತ್ತಿಲ್ಲ, ಎಸೆಯಬೇಡಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಚಳಿ ಶುರುವಾಯಿತು. ಅಂಟು ಎಲೆಯಿಂದ ಪುಟ್ಟ ಹುಳ ಹಿಡಿದು ತಿನ್ನುವ ಬಟರ್‌ವರ್ಟ್ ಗಿಡ ಬೆಳೆಸುವ ನಮ್ಮ ಗುಂಪಿನಲ್ಲಿ "ಗಿಡ ಸಣ್ಣಗಾಗಿದೆ, ಎಲೆಯ ಅಂಟು ಹೋಗಿದೆ" ಅನ್ನೋ ಫೋಟೋಗಳೂ ಶುರುವಾದವು. ಗಾಬರಿ ಬೇಡ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಮೆಕ್ಸಿಕೋ ಮೂಲದ ಜಾತಿಗಳು. ಅಲ್ಲಿ ಚಳಿಗಾಲ ಅಂದ್ರೆ ಒಣಗಾಲ. ಅದಕ್ಕೇ ಗಿಡ ಅಗಲ ಎಲೆಗಳನ್ನು ಕಳಚಿ, ಪುಟ್ಟ ದಪ್ಪ ಎಲೆಗಳ ಗುಚ್ಛವಾಗಿ ಕೂರುತ್ತದೆ. ಆಗ ಅದು ಹುಳಗಳನ್ನು ಬೇಟೆಯಾಡುವುದಿಲ್ಲ.

ಈಗ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಕುಂಡ ಒಣಗಿದ ಮೇಲೆ ಸ್ವಲ್ಪ ತೇವ ಮಾಡಿದರೆ ಸಾಕು. ಹೋದ ವರ್ಷ ನಾನು ಪಾಪ ಅಂತ ದಿನಾ ನೀರು ಹಾಕಿದೆ. ಬುಡ ಕೊಳೆತು, ಬೆರಳಿಟ್ಟರೆ ಬೆಂದ ಬದನೆಕಾಯಿ ಹಾಗೆ ಜಾರಿತು! ಬೋರ್‌ವೆಲ್ ನೀರು ಯಾವ ಕಾಲಕ್ಕೂ ಬೇಡ, ಮಳೆನೀರು ಇಲ್ಲವೇ ಆರ್‌ಓ ನೀರು ಹಾಕಿ. ಕುಂಡಕ್ಕೆ ಗೊಬ್ಬರವೂ ಬೇಡ. ಬೆಳಕು ಮಾತ್ರ ಚೆನ್ನಾಗಿರಲಿ.

ಮರಿ ಮಾಡಲು ಇದೇ ಒಳ್ಳೆಯ ಸಮಯ. ಒಂದು ದಪ್ಪ ಎಲೆಯನ್ನು ಬುಡದ ಬಿಳಿ ತುದಿ ಸಮೇತ ಮೆಲ್ಲಗೆ ಕಿತ್ತು, ಒದ್ದೆ ಪರ್ಲೈಟ್ (ಕುಂಡಕ್ಕೆ ಹಾಕುವ ಹಗುರ ಬಿಳಿ ಹರಳು) ಮೇಲೆ ಸುಮ್ನೆ ಇಡಿ. ಕೆಲವು ವಾರಗಳಲ್ಲಿ ಆ ತುದಿಯಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕೆ ಕಾಣುತ್ತದೆ. ಅಗಲ ಅಂಟೆಲೆ ಮತ್ತೆ ಬಂದಾಗ ನೀರು ಹೆಚ್ಚಿಸಿ.

ಮರಿ ಜಾಸ್ತಿ ಆದವರು ಇಲ್ಲೇ ತಿಳಿಸಿ, ಗದಗಿನವರು ಕಾಯುತ್ತಿದ್ದಾರೆ.